ಕುದುರೆ ಇಟ್ಟು ಎದ್ದು ಹೋದದ್ದು

ಊರು ಬಿಟ್ಟು ತೆಲುಗು ನಾಡಿಗೆ ಬಂದು ಮೂವತ್ತು ವರ್ಷ ನಾಚಾರಂನ ಕಾರ್ಖಾನೆಯೊಂದರಲ್ಲಿ ಬೋಲ್ಟುಗಳ ತಪಾಸಣೆ ಮಾಡಿದವನು ನಾನು. ಒಳ್ಳೆಯ ಬೋಲ್ಟನ್ನೂ ಎರಡನೇ ಸಲ ಅಳೆಯದೆ ಬಿಟ್ಟವನಲ್ಲ. ಮನುಷ್ಯರನ್ನೂ ಹಾಗೇ ನೋಡುತ್ತೇನೆಂದು ಹೆಂಡತಿಯ ದೂರು.

ಅಂದು ನಾರಾಯಣಗೂಡದ ಕಾಲೇಜಿನಲ್ಲಿ ಚೆಸ್ ಟೂರ್ನಿಯ ಕೊನೆಯ ಸುತ್ತು. ಐವತ್ತು ದಾಟಿದವರಿಗೆಂದು ಬಹುಮಾನದ ಕಪ್ ಒಂದನ್ನು ಇಟ್ಟಿದ್ದರು. ನಾನು, ನನ್ನ ಎದುರಾಳಿ, ಇಬ್ಬರಲ್ಲಿ ಗೆದ್ದವರಿಗೆ ಅದು. ಈವರೆಗೆ ಒಂದೂ ಕಪ್ ಕಾಣದ ನಮ್ಮ ಶೋಕೇಸಿನಲ್ಲಿ ಹೆಂಡತಿ ಬೆಳಿಗ್ಗೆಯೇ ಗೊಂಬೆಗಳನ್ನು ಸರಿಸಿ ಜಾಗ ಮಾಡಿದ್ದಳು.

ನಾನು ಕಿಂಗ್ಸ್ ಗ್ಯಾಂಬಿಟ್ ಆಡಿದೆ. ಎರಡನೇ ನಡೆಯಲ್ಲೇ ಕಾಲಾಳೊಂದನ್ನು ಬಿಟ್ಟುಕೊಟ್ಟು, ನಮ್ಮ ರಾಜನ ಬಾಗಿಲನ್ನೂ ತೆರೆದಿಟ್ಟು ಮೈಮೇಲೆ ಬೀಳುವ ಆಟ ಅದು. ನನ್ನಂಥ ಸಂಶಯದ ಪ್ರಾಣಿ ಇದನ್ನೇ ಯಾಕೆ ಆಡುತ್ತಾನೋ ನನಗೇ ಗೊತ್ತಿಲ್ಲ.

ಎದುರಾಳಿ ಅರವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಹಿಂದಿಯಲ್ಲಿ ಎರಡು ಮಾತಾಡಿ ಕೂತಿದ್ದರು. ಹತ್ತು ನಡೆ ಆಗಿದ್ದೇ ತಡ, ತಮ್ಮ ನಡೆ ಮುಗಿಸಿ ಟಾಯ್ಲೆಟ್ಟಿಗೆ ಓಡತೊಡಗಿದರು. ಒಮ್ಮೆಯಲ್ಲ, ನಾಲ್ಕು ಸಲ. ಬಂದಾಗಲೆಲ್ಲ ಅಚ್ಚುಕಟ್ಟಾದ ಉತ್ತರ. ಒಳಗೆ ಮೊಬೈಲ್ ಬಚ್ಚಿಟ್ಟಿದ್ದಾನೆ, ಅದನ್ನು ನೋಡಿ ಬಂದು ಆಡುತ್ತಿದ್ದಾನೆ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ. ಸಿಟ್ಟು ನೆತ್ತಿಗೇರಿತು. ಐದನೇ ಸಲ ಅವರು ಎದ್ದಾಗ ನಾನು ಕುದುರೆಯನ್ನು ಅವರ ರಾಜನ ಹತ್ತಿರಕ್ಕೆ ತಂದಿಟ್ಟು ಬೆನ್ನ ಹಿಂದೆಯೇ ಹೊರಟೆ.

ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟೆ. ಒಳಗೆ ವಾಂತಿಯ ಸದ್ದು, ನಡುವೆ ನಮ್ಮೂರ ಕಡೆಯ "ಯವ್ವಾ" ಎಂಬ ನರಳಾಟ, ಆಮೇಲೆ ನಲ್ಲಿಯ ನೀರು. ಎಷ್ಟು ಹೊತ್ತು ನಿಂತೆನೋ. ಅವರು ಮುಖ ಒರೆಸಿಕೊಳ್ಳುತ್ತ ಹೊರಬಂದಾಗ ಬೇರೇನೂ ತೋಚದೆ, "ಆರಾಮ ಅದೀರೇನ್ರಿ?" ಅಂದೆ.

ಇಬ್ಬರೂ ಮರಳಿದಾಗ ತೀರ್ಪುಗಾರರು ನಮ್ಮ ಮೇಜಿನ ಬಳಿ ನಿಂತಿದ್ದರು. ಅವಸರದಲ್ಲಿ ನಾನು ಗಡಿಯಾರದ ಗುಂಡಿ ಒತ್ತಿರಲಿಲ್ಲ. ಒತ್ತುವ ತನಕ ಓಡುವುದು ನಮ್ಮದೇ ಸಮಯ. ನನಗೆ ಉಳಿದಿದ್ದ ಐದು ನಿಮಿಷ ಆ ಬಾಗಿಲ ಮುಂದೆ ಮುಗಿದುಹೋಗಿತ್ತು. ಸಮಯ ಮುಗಿದವನಿಗೆ ಸೋಲು; ಕಪ್ ಅವರದಾಯಿತು.

ಅವರು ಫಲಿತಾಂಶದ ಹಾಳೆಗೆ ಸಹಿ ಹಾಕಿ ನನ್ನ ಕುದುರೆಯನ್ನೇ ನೋಡುತ್ತ ಕೂತರು. "ಇದು ಇಲ್ಲಿಗೆ ಬಂದ್ರ ನಂದು ಮುಗೀತು ಅಂತ ಗೊತ್ತಿತ್ತರಿ. ಅದನ್ನ ನೆನೆಸಿನೇ ಹೊಟ್ಟಿ ತೊಳಸಾಕತ್ತಿತ್ತು. ಭಾಳ ಚಲೋ ಆಡಿದ್ರಿ."

ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ನನ್ನ ಆಟಕ್ಕೆ ಅಷ್ಟು ಬೆಲೆ ಕೊಟ್ಟವರು ಜನ್ಮದಲ್ಲಿ ಅವರೊಬ್ಬರೇ.

"ಗಡಿಯಾರ ಒತ್ತದ ಯಾಕ ಎದ್ದು ಬಂದ್ರಿ?" ಎಂದು ಕೇಳಿದರು.

"ನೀರು ಕುಡಿಯಾಕರಿ."

ಅವರ ಕಣ್ಣು ನನ್ನ ಕುರ್ಚಿಯ ಪಕ್ಕಕ್ಕೆ ಹೋಯಿತು. ಹೆಂಡತಿ ತುಂಬಿಸಿ ಕೊಟ್ಟ ಬಾಟಲಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಅವರು ಬಗ್ಗಿ ಅದನ್ನೆತ್ತಿ ನನ್ನ ಕೈಗೆ ಕೊಟ್ಟರು.

"ಕುಡೀರಿ," ಎಂದರು.