ಮಸ್ಕಿಯ ಟೇಪ್‌ನಲ್ಲಿ ಸಿಕ್ಕ ಹನುಮವ್ವ

ಮಸ್ಕಿ ತಾಲ್ಲೂಕಾಗಿ ಕೆಲವು ವರ್ಷಗಳಾಗಿದ್ದವು. ನಾನು ಆಗ ಸಿಂಧನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಿಸ್ಟಂ ಅಡ್ಮಿನಿಸ್ಟ್ರೇಟರ್. ಮಸ್ಕಿ ಮತ್ತು ಲಿಂಗಸುಗೂರಿನ ಶಾಖೆಗಳಲ್ಲಿದ್ದ ರೋಗಿಗಳ ದಾಖಲೆ ದಿನಾ ಸಂಜೆ ನಮ್ಮ ಸರ್ವರ್ ಮೂಲಕ ವರ್ಚುವಲ್ ಟೇಪ್‌ಗೆ ಬ್ಯಾಕಪ್ ಆಗುತ್ತಿತ್ತು. ಅದು ನಿಜವಾದ ಟೇಪ್ ಅಲ್ಲ, ಹಾರ್ಡ್ ಡಿಸ್ಕೇ ಟೇಪ್ ಡ್ರೈವ್‌ನ ವೇಷ ಹಾಕಿ ಕೂತಿರುತ್ತದೆ. ಒಂದನೇ ಡ್ರೈವ್ ಮಸ್ಕಿಗೆ, ಎರಡನೆಯದು ಲಿಂಗಸುಗೂರಿಗೆ ಎಂದು ಜೋಡಿಸಿದವನು ನಾನೇ. ಪ್ರತಿ ಡ್ರೈವ್‌ಗೂ ಎಂದೂ ಬದಲಾಗದ ಸೀರಿಯಲ್ ನಂಬರ್ ಇರುತ್ತದೆ, ಜೋಡಣೆಯನ್ನು ಅದಕ್ಕೇ ಕಟ್ಟಬೇಕು. ನಾನು ಬರೀ ಸರದಿಯ ಪ್ರಕಾರ ಒಂದು, ಎರಡು ಎಂದು ಬರೆದು ಕೈತೊಳೆದುಕೊಂಡೆ. ಆತುರಗಾರನಿಗೆ ಬುದ್ಧಿ ಮಟ್ಟ.

ನಮ್ಮಲ್ಲಿ ಅಮಾವಾಸ್ಯೆಗೆ ಯಂತ್ರಗಳಿಗೆಲ್ಲ ಪೂಜೆ. ಆ ಸಲ ಸರ್ವರ್ ಅನ್ನೂ ಬಂದ್ ಮಾಡಿ, ಕುಂಕುಮ ಹಚ್ಚಿ, ಕಾಯಿ ಒಡೆದು ಮತ್ತೆ ಚಾಲೂ ಮಾಡಿದೆ. ಬ್ಯಾಕಪ್ ಪಟ್ಟಿಯಲ್ಲಿ ದಿನಾ ಹಸಿರು ಗುರುತು ಬರುತ್ತಿತ್ತು, ನಾನು ನಿಶ್ಚಿಂತನಾಗಿದ್ದೆ.

ಮುಂದಿನ ವಾರ ಒಂದು ಬೆಳಿಗ್ಗೆ ಮಸ್ಕಿ ಶಾಖೆಯ ಕಂಪ್ಯೂಟರಿನ ಡಿಸ್ಕ್ ಕೆಟ್ಟು, ಅಲ್ಲಿಯ ದಾಖಲೆ ನಮ್ಮ ಬ್ಯಾಕಪ್ಪಿನಲ್ಲಷ್ಟೇ ಉಳಿಯಿತು. ಅದೇ ಹೊತ್ತಿಗೆ ಮಸ್ಕಿ ಕಡೆಯ ಪಾಮನಕಲ್ಲೂರಿನ ಹನುಮವ್ವನನ್ನು ಹೆರಿಗೆ ಆಪರೇಷನ್‌ಗೆಂದು ನಮ್ಮಲ್ಲಿಗೆ ತಂದರು. ಗಂಡ ದುರುಗಪ್ಪ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತ.

“ಹೋದ ಸಲ ಮಸ್ಕ್ಯಾಗ ಸೂಜಿ ಮಾಡಿದ ಮ್ಯಾಲ ಮೈಯೆಲ್ಲಾ ಬಾತು ಉಸಿರು ಕಟ್ಟಿತ್ರೀ. ಯಾವ ಸೂಜಿ ಅಂತ ಗೊತ್ತಿಲ್ರೀ. ಕಂಪ್ಯೂಟರ್‌ನ್ಯಾಗ ಬರದಾರಂತ.”

ಮಸ್ಕಿ ಎಂದಿದ್ದ ಟೇಪ್ ತೆರೆದು ಹುಡುಕಿದೆ. ಹನುಮವ್ವ ಸಿಕ್ಕಳು, ಸಲ್ಫಾ ಔಷಧ ಆಗಿಬರುವುದಿಲ್ಲ ಎಂದಿತ್ತು. ಆಪರೇಷನ್ ಮಾಡಬೇಕಿದ್ದ ಡಾಕ್ಟರಮ್ಮನಿಗೆ ಫೋನ್ ಮಾಡಿ ಹಾಗೇ ಹೇಳಿದೆ. “ಹಂಗಾದ್ರ ಪೆನಿಸಿಲಿನ್ ಕೊಡಾಕ ಅಡ್ಡಿಯಿಲ್ಲ,” ಎಂದು ಅವರು ಫೋನಿಟ್ಟರು.

ಆಮೇಲೆ ಪರದೆಯ ಕೆಳಸಾಲು ಓದಿದೆ. ಊರು ಲಿಂಗಸುಗೂರು, ಗಂಡನ ಹೆಸರು ಅಮರೇಶ.

ಮತ್ತೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಮೆಟ್ಟಿಲಿಳಿದು ಓಡಿದೆ. ಇಷ್ಟು ಹೊತ್ತಿಗೆ ಚುಚ್ಚಿರುತ್ತಾರೆ ಎನ್ನುವುದೊಂದೇ ತಲೆಯಲ್ಲಿತ್ತು. ಅಷ್ಟು ಅಂಜಿಕೆ ನನಗೆ ಜೀವನದಲ್ಲಿ ಆಗಿರಲಿಲ್ಲ. ಆಪರೇಷನ್ ಕೋಣೆಯೊಳಗೆ ನರ್ಸ್ ಸಿರಿಂಜ್ ತುಂಬಿಸಿಕೊಂಡು ಹನುಮವ್ವನ ತೋಳು ಹಿಡಿದಿದ್ದಳು.

“ಕೊಡಬ್ಯಾಡ್ರಿ ಸಿಸ್ಟರ್. ನಾ ಓದಿ ಹೇಳಿದ್ದು ಬ್ಯಾರೆ ಹೆಣ್ಮಗಳದು.”

ಮರಳಿ ಬಂದು ಹುಡುಕಿದರೆ ಲಿಂಗಸುಗೂರು ಎಂದಿದ್ದ ಟೇಪ್‌ನಲ್ಲಿ ದುರುಗಪ್ಪನ ಹನುಮವ್ವ ಇದ್ದಳು. ಅವಳಿಗೆ ಆಗದಿದ್ದದ್ದು ಪೆನಿಸಿಲಿನ್. ಪೂಜೆಯಾಗಿ ಸರ್ವರ್ ಎದ್ದಾಗ ಎರಡನೆಯ ಡ್ರೈವ್ ಮೊದಲು ಸಂಪರ್ಕಕ್ಕೆ ಬಂದು, ನಂಬರ್ ಅದಲುಬದಲಾಗಿ, ಒಂದು ಶಾಖೆಯ ದಾಖಲೆ ಇನ್ನೊಂದರ ಹೆಸರಿನ ಟೇಪಿಗೆ ಹೋಗಿತ್ತು. ಹಸಿರು ಗುರುತು ಬರೆದಾಯಿತು ಎಂದಷ್ಟೇ ಹೇಳುತ್ತದೆ, ಯಾರದನ್ನು ಎಲ್ಲಿ ಬರೆದೆ ಎಂದು ಹೇಳುವುದಿಲ್ಲ. ಅಂದಿನಿಂದ ಸರ್ವರ್ ಬಂದ್ ಮಾಡಿ ಚಾಲೂ ಮಾಡಿದಾಗಲೆಲ್ಲ ಟೇಪ್ ತೆರೆದು ಒಬ್ಬರಾದರೂ ರೋಗಿಯ ಊರು, ಮನೆಯವರ ಹೆಸರು ಓದುತ್ತೇನೆ.

ಮಧ್ಯಾಹ್ನ ಹೆಣ್ಣು ಕೂಸು ಹುಟ್ಟಿತು. ದುರುಗಪ್ಪ ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

“ನೀವು ಓಡಿ ಬಂದ್ರಿ, ನನ್ನ ಮನಿ ಉಳೀತ್ರೀ. ಕಂಪ್ಯೂಟರ್‌ನ್ಯಾಗ ಹಂಗ ತಪ್ಪು ಮಾಡಿಟ್ಟಾಂವ ಯಾರ್ರೀ?”

“ಮಾಡಿಟ್ಟಾಂವ ನಾನ,” ಎಂದೆ.

ಅವನು ನನ್ನ ಮುಖ ನೋಡಿದ. ಆಮೇಲೆ ಕೈ ಬಿಟ್ಟು ಕೂಸಿನ ಕಡೆ ಹೋದ.