ಅವ್ವನ ಹಲ್ಲಿನ ಕಚ್ಚು

ಹಲ್ಲಿನ ಕಚ್ಚು ಮುಚ್ಚಿಸಲು ಎಂಟುನೂರು, ಮುಚ್ಚಿದ್ದನ್ನು ತೆಗೆಸಲು ಮುನ್ನೂರು, ಸ್ಕೂಟರಿಗೆ ಪೆಟ್ರೋಲ್ ನೂರೈವತ್ತು. ಒಟ್ಟು ಸಾವಿರದ ಇನ್ನೂರೈವತ್ತು, ಎಲ್ಲ ಇವತ್ತೊಂದೇ ದಿನದಲ್ಲಿ ಸ್ನೇಹಿತರೇ.

ನಮ್ಮೂರು ನೆಗಮಂನಲ್ಲಿರುವ ನಮ್ಮ ಸೀರೆ ಅಂಗಡಿಯ ಬೋರ್ಡಿಗೆ, ಮಗ್ಗದ ಮುಂದೆ ನಗುತ್ತಿರುವ ಅವ್ವನ ಫೋಟೊ ಬೇಕಿತ್ತು. ಅವಳ ಮೇಲಿನ ಮುಂಹಲ್ಲಿನ ತುದಿಯಲ್ಲಿ ಒಂದು ಕಚ್ಚು, ಸಣ್ಣ ತಗ್ಗು, ಇದೆ, ನಲವತ್ತು ವರ್ಷ ನೂಲು ಕಡಿದು ಕಡಿದು ಆದದ್ದು. ಬೋರ್ಡಿನಲ್ಲಿ ಅದು ಚೆಂದ ಕಾಣುವುದಿಲ್ಲವೆಂದು ಬೆಳಗ್ಗೆಯೇ ಪಕ್ಕದ ಊರು ಕಿಣತ್ತುಕಡವಿನ ಹಲ್ಲಿನ ಆಸ್ಪತ್ರೆಗೆ ಕರೆದೊಯ್ದು ಮುಚ್ಚಿಸಿದೆ.

"ಹಲ್ಲಿನ ಮೇಲ್ಪದರ ಮೂಳೆಗಿಂತ ಗಟ್ಟಿ ಅಮ್ಮಾ," ಎಂದರು ಹಲ್ಲಿನ ಡಾಕ್ಟರಮ್ಮ.

"ನಮ್ ನೂಲು ಅದ್ಕಿಂತ ಗಟ್ಟಿ," ಎಂದಳು ಅವ್ವ.

ಮನೆಗೆ ಬಂದ ಕೂಡಲೇ ಫೋಟೊ ತೆಗೆದೆ. ಆಮೇಲೆ ಅವ್ವ, ನಾಳೆ ಕೊಡಬೇಕಾದ ಸೀರೆ ಮುಗಿಸಲು ಮಗ್ಗಕ್ಕೆ ಕುಳಿತಳು. ಒಂದು ಎಳೆ ಹರಿಯಿತು. ಗಂಟು ಹಾಕಿ, ಉಳಿದ ತುದಿಯನ್ನು ಕಡಿಯಲು ಬಾಯಿಗಿಟ್ಟಳು. ನೂಲು ಜಾರಿತು.

"ಏನ್ಡಾ, ನನ್ ನಾಲಿಗೆ ನೂಲ್ನ ತಂದು ಆ ಕಚ್ಚಲ್ಲೇ ಕೂರಿಸ್ತದೆ. ಈಗ ಅಲ್ಲಿ ಜಾಗಾನೇ ಇಲ್ಲ!"

"ಕತ್ತರಿ ಇದೆಯಲ್ಲ ಅವ್ವ?"

"ಒಂದೊಂದ್ ಎಳೆಗೂ ಕತ್ತರಿ ಹುಡುಕ್ತಾ ಕೂತ್ರೆ ನಾಳೆ ಸೀರೆ ನೀ ಕೊಡ್ತೀಯಾ? ನಡಿ, ವಂಡಿ ತೆಗಿ!"

ಸ್ಕೂಟರ್ ಮತ್ತೆ ಕಿಣತ್ತುಕಡವಿಗೆ ಹೊರಟಿತು. ವಿಷಯ ಕೇಳಿ ಡಾಕ್ಟರಮ್ಮ ನಕ್ಕುಬಿಟ್ಟರು. "ಎಲ್ಲರೂ ಮುಚ್ಚಿ ಅಂತ ಬರ್ತಾರೆ. ತೆಗೀರಿ ಅಂತ ಬಂದವರು ನೀವೇ ಮೊದಲು."

"ಮುಚ್ಚಿಸಿದ್ದು ಇವ್ನು ಕಣಮ್ಮಾ. ಹಲ್ಲು ನಂದು."

ಡಾಕ್ಟರಮ್ಮನಿಗೆ ಎರಡು ಫೀಸು. ಅವ್ವನಿಗೆ ಅವಳ ಕಚ್ಚು. ಗಿರಾಕಿಗೆ ನಾಳೆ ಸೀರೆ. ನನಗೆ ಒಂದು ಫೋಟೊ. ಅದರಲ್ಲಿರುವ ಹಲ್ಲು ಮಾತ್ರ ಈಗ ಯಾರ ಬಾಯಲ್ಲೂ ಇಲ್ಲ.