ಒಂಬತ್ತು ತೂತಿನ ಮಣೆ

ನನಗೆ ಜನರ ಮೇಲೆ ಬೇಗ ಅನುಮಾನ ಬರುತ್ತದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಅಮ್ಮ ಬೈಯುತ್ತಲೇ ಇರುತ್ತಾಳೆ. ಹಾಗಾಗಿ ನನ್ನ ಫೈಲು ಮೂರು ವಾರ ದೊಡ್ಡ ಮೇಡಂ ಅವರ ಡ್ರಾಯರಿನಲ್ಲೇ ಉಳಿದಾಗ ಕಾರಣ ಹುಡುಕಲು ನನಗೆ ಮೂರು ನಿಮಿಷವೂ ಬೇಕಾಗಲಿಲ್ಲ. ಹೊಟ್ಟೆಕಿಚ್ಚು, ಮತ್ತೇನು!

ಜಯನಗರದ ಒಂದು ಸಣ್ಣ ಸೆಂಟರಿನಲ್ಲಿ ನಾನು ಆಕ್ಯುಪೇಷನಲ್ ಥೆರಪಿಸ್ಟ್. ಕೈ ಸ್ವಾಧೀನ ತಪ್ಪಿದವರಿಗೆ ಮತ್ತೆ ಅನ್ನ ಕಲಸುವುದನ್ನು, ಗುಂಡಿ ಹಾಕಿಕೊಳ್ಳುವುದನ್ನು ಕಲಿಸುವುದು ನಮ್ಮ ಕೆಲಸ. ಒಂಬತ್ತು ವರ್ಷ ದುಡಿದ ಮೇಲೆ ಕೈ ಚಿಕಿತ್ಸೆಯಲ್ಲೇ ಪರಿಣತಿಯ ಸರ್ಟಿಫಿಕೇಟ್ ಪಡೆಯಬೇಕೆಂಬ ಹಟ ಹುಟ್ಟಿತು. ಅದಕ್ಕೆ ಪರೀಕ್ಷೆ ಬರೆಯಬೇಕು, ಜೊತೆಗೆ ನಾನೇ ನೋಡಿದ ಒಬ್ಬ ರೋಗಿಯ ಪೂರ್ತಿ ವರದಿ ಕೊಡಬೇಕು. ಆ ವರದಿಯ ಫೈಲಿಗೆ ಸೆಂಟರಿನ ಮುಖ್ಯಸ್ಥೆಯಾದ ದೊಡ್ಡ ಮೇಡಂ ಸಹಿ ಬೇಕು. ಅವರ ಬಳಿ ಈ ಸರ್ಟಿಫಿಕೇಟ್ ಇರಲಿಲ್ಲ. ನನ್ನ ಅನುಮಾನಕ್ಕೆ ಅಷ್ಟು ಸಾಕಾಯಿತು.

ನನ್ನ ರೋಗಿ ಪುಟ್ಟೇನಹಳ್ಳಿಯ ಹಳೇ ಮನೆತನದ ಒಬ್ಬ ಹಿರಿಯ ಹೆಂಗಸು. ಬಚ್ಚಲಲ್ಲಿ ಜಾರಿ ಬಲ ಮಣಿಕಟ್ಟು ಮುರಿದುಕೊಂಡಿದ್ದರು. ಪ್ಲಾಸ್ಟರ್ ಬಿಚ್ಚಿದಾಗ ಬೆರಳುಗಳು ಸೌದೆಯಂತಿದ್ದವು. ಬೆರಳಿನ ಚುರುಕು ಅಳೆಯಲು ನಮ್ಮಲ್ಲಿ ಒಂಬತ್ತು ತೂತಿನ ಹಲಗೆಯಿದೆ. ಪುಟ್ಟ ಕಡ್ಡಿಗಳನ್ನು ಒಂದೊಂದಾಗಿ ತೂರಿಸಿ ಮತ್ತೆ ತೆಗೆಯಬೇಕು, ನಾವು ಸೆಕೆಂಡು ನೋಡುತ್ತೇವೆ. ಮೊದಲ ದಿನ ಅವರಿಗೆ ಒಂದು ನಿಮಿಷ ದಾಟಿತ್ತು. ಎರಡೇ ತಿಂಗಳಲ್ಲಿ ಇಪ್ಪತ್ತೆರಡು ಸೆಕೆಂಡಿಗೆ ಇಳಿಯಿತು. ನಾನು ಹಿಗ್ಗಿ ಹೀರೇಕಾಯಿಯಾದೆ. ಎಲ್ಲರನ್ನೂ ಅನುಮಾನಿಸುವವಳು ಆ ಅಂಕಿಯನ್ನು ಮಾತ್ರ ಅನುಮಾನಿಸಲಿಲ್ಲ.

ಒಂದು ಶುಕ್ರವಾರ ಅವರೇ ಫೋನ್ ಮಾಡಿದರು. "ನಿಮ್ ದೊಡ್ಡ ಮೇಡಂ ನಿನ್ನೆ ಮನೆಗ್ ಬಂದಿದ್ರು. ಏನೇನೋ ಕೇಳಿದ್ರು."

ಮೈಯೆಲ್ಲ ಉರಿಯಿತು. ನನ್ನ ಬೆನ್ನ ಹಿಂದೆ ನನ್ನ ರೋಗಿಯನ್ನೇ ವಿಚಾರಿಸುವುದೆಂದರೇನು? ಮರುದಿನ ಬೆಳಿಗ್ಗೆಯೇ ಸ್ಕೂಟರ್ ಹತ್ತಿ ಕೆರೆ ಪಕ್ಕದ ಅವರ ಮನೆಗೆ ಹೋದೆ.

"ಅವ್ರು ಏನ್ ಕೇಳಿದ್ರಮ್ಮ?"

"ಮನೇಲಿ ಏನ್ ಪ್ರಾಕ್ಟೀಸ್ ಮಾಡ್ತೀರಿ ಅಂದ್ರು. ಇದನ್ನ ತೋರಿಸ್ದೆ."

ಒಳಗಿನಿಂದ ಚಪಾತಿ ಮಣೆ ತಂದರು. ಅದರ ತುಂಬ ತೂತು, ಎಣಿಸಿದರೆ ಒಂಬತ್ತು. ಯಜಮಾನರು ಡ್ರಿಲ್ಲಿಂಗ್ ಮಿಷನ್ನಿನಲ್ಲಿ ಕೊರೆದುಕೊಟ್ಟಿದ್ದರಂತೆ. ಕಡ್ಡಿಗಳ ಬದಲಿಗೆ ಪೆನ್ಸಿಲ್ ತುಂಡುಗಳು.

"ನಿಮ್ಗೆ ಎಗ್ಸಾಮ್ ಇದೆ ಅಂದಿದ್ರಲ್ಲ ಮೇಡಂ. ನನ್ನಿಂದ ನೀವು ಫೇಲ್ ಆಗ್ಬಾರ್ದು ಅಂತ ಬೆಳಿಗ್ಗೆ ಸಾಯಂಕಾಲ ಇದೇ ಕೆಲ್ಸ."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗುವ ಮುಂಚೆ ಗೋಡೆಯ ಅಕ್ಷರಗಳನ್ನು ಬಾಯಿಪಾಠ ಮಾಡಿದಂತೆ ಆಗಿತ್ತು ಇದು. ದೇವರ ಪಟದ ಮೇಲೆ ಅಂಗಡಿಯ ಹೂಮಾಲೆ ಕಾಣಿಸಿತು.

"ಹೂ ನೀವೇ ಕಟ್ಟೋಕಾಗತ್ತಾಮ್ಮ?"

"ಎಲ್ಲಿ ಮೇಡಂ, ದಾರ ಬಿಗಿನೇ ಆಗಲ್ಲ, ಮೊಗ್ಗೆಲ್ಲ ಉದುರೋಗತ್ತೆ. ರವಿಕೆ ಹುಕ್ಕೂ ಸೊಸೆನೇ ಹಾಕ್ಬೇಕು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ನೀವು ಟೈಮ್ ಮಾತ್ರ ನೋಡ್ತಿದ್ರಿ."

ಸೋಮವಾರ ದೊಡ್ಡ ಮೇಡಂ ಡ್ರಾಯರ್ ತೆಗೆದು ಫೈಲನ್ನು ನನ್ನ ಮುಂದಿಟ್ಟರು. ಮೊದಲ ಪುಟದಲ್ಲಿ, ರೋಗಿಗೆ ಏನು ಮಾಡುವ ಆಸೆ ಎಂಬ ಪ್ರಶ್ನೆಯ ಎದುರು, ನನ್ನದೇ ಅಕ್ಷರ: 'ದೇವರಿಗೆ ದಿನಾ ನಾನೇ ಹೂ ಕಟ್ಟಬೇಕು.' ಅದರ ಕೆಳಗೆ ಮೇಡಂ ಎಳೆದ ಪೆನ್ಸಿಲಿನ ಗೆರೆ. ಮುಂದಿನ ಯಾವ ಪುಟದಲ್ಲೂ ಹೂವಿನ ಮಾತಿರಲಿಲ್ಲ.

"ಸಹಿ ಬೇಕಂದ್ರೆ ಈಗ್ಲೇ ಹಾಕ್ತೀನಿ. ನೀನೇ ಹೇಳು," ಎಂದರು.

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ಬೇಡ ಮೇಡಂ" ಎಂದೆ. ಅರ್ಜಿಯ ಕೊನೆಯ ದಿನ ಆ ವಾರವೇ ದಾಟಿಹೋಯಿತು.

ಈಗ ಮಂಗಳವಾರಗಳಂದು ಕಾಕಡ ಮೊಗ್ಗು, ಬಾಳೆ ನಾರು ತೆಗೆದುಕೊಂಡು ನಾನೇ ಅವರ ಮನೆಗೆ ಹೋಗುತ್ತೇನೆ. ಮೊನ್ನೆ ಕಟ್ಟುತ್ತಾ ಕಟ್ಟುತ್ತಾ ಕೇಳಿದರು: "ನಿಮ್ ಎಗ್ಸಾಮ್ ಏನಾಯ್ತು?"

"ಮುಂದಿನ್ ವರ್ಷ."

"ನನ್ನಿಂದಾನಾ?"

"ಇಲ್ಲಮ್ಮ, ನನ್ನಿಂದ."

ನಂಬದೆ ನನ್ನನ್ನೇ ದಿಟ್ಟಿಸಿದರು. ಆಮೇಲೆ ಗೇಣುದ್ದದ ಮಾಲೆಯನ್ನು ಎತ್ತಿ ಹಿಡಿದು, "ಎಷ್ಟ್ ಸೆಕೆಂಡಾಯ್ತು ಮೇಡಂ?" ಎಂದರು.

ನಾನು ನೋಡಿರಲಿಲ್ಲ.